ಸೌದಿಯಿಂದ ಬಂದ ನಿಮ್ಮ ಯಜಮಾನರ ಬಗ್ಗೆ

ಅಕ್ಕಾ, 14 ವರ್ಷ ಸೌದಿಯಲ್ಲಿ ದುಡಿದು ಬಂದ ಯಜಮಾನರು 6 ತಿಂಗಳಿಂದ ಯಾರ ಜೊತೆಗೂ ಮಾತಾಡುತ್ತಿಲ್ಲ, ರಾತ್ರಿ ನಿದ್ದೆ ಮಾಡುತ್ತಿಲ್ಲ, ಇದು ಸೋಮಾರಿತನವಾ, ಕಾಯಿಲೆಯಾ ಅಂತ ಕೇಳಿದ್ದೀರಿ. ಸೋಮಾರಿತನ ಖಂಡಿತ ಅಲ್ಲ.

ನನ್ನ ಅಣ್ಣ ಕುವೈತ್‌ನಿಂದ ಬಂದಾಗಲೂ ಹೀಗೇ ಆಗಿತ್ತು. ರಜೆಗೆ ಬಂದಾಗ ಅವನು ಮನೆಯಲ್ಲಿ ರಾಜನ ಹಾಗಿರುತ್ತಿದ್ದ. ಪೂರ್ತಿ ವಾಪಸ್ ಬಂದಾಗ ನೋಡಿದರೆ, ಮನೆ ಅವನಿಲ್ಲದೇ ನಡೆಯೋದನ್ನು ಕಲಿತುಬಿಟ್ಟಿತ್ತು. ಮಕ್ಕಳು ಏನು ಬೇಕಾದರೂ ಅತ್ತಿಗೆಯನ್ನೇ ಕೇಳುತ್ತಿದ್ದರು. ಸಿಕ್ಕವರೆಲ್ಲ "ಮತ್ತೆ ಯಾವಾಗ ಹೊರಡೋದು?" ಅನ್ನೋರು. ಆ ಒಂದು ಪ್ರಶ್ನೆಗೆ ಹೆದರಿ ಪೇಟೆಗೆ, ಮದುವೆಗೆ ಹೋಗೋದೇ ಬಿಟ್ಟ. ಸಂಬಳ ನಿಂತ ಮೇಲೆ ಮನೆಯಲ್ಲಿ ತನಗೆ ಜಾಗವಿಲ್ಲ ಅನಿಸಿತ್ತಂತೆ. ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಒಂದು ವರ್ಷದ ಮೇಲೆ.

ಮೊದಲು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ, ಮನಸ್ಸಿನ ತೊಂದರೆಗಳಿಗೆ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಒಪ್ಪದಿದ್ದರೆ ನೀವೇ ಮಾಡಿ, ಮನೆಯವರೂ ಕೇಳಬಹುದು.

ಆಮೇಲೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿದ್ದೆಗೆ ತೋರಿಸೋಣ ಅಂದರೆ ಗಂಡಸರು ಬರುತ್ತಾರೆ, ಮನಸ್ಸಿಗೆ ಅಂದರೆ ಬರಲ್ಲ, ಅಲ್ವಾ? ಅಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಅಂತ ವಿಚಾರಿಸಿ. ಶುಗರ್, ಬಿಪಿ, ಥೈರಾಯ್ಡ್ ಕೂಡ ನೋಡಿಸಿ. ಕುಡಿತ ಜಾಸ್ತಿಯಾಗಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಸಾಯೋ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಮನೆಯ ಒಂದು ಕೆಲಸವನ್ನು ಪೂರ್ತಿ ಅವರಿಗೇ ಬಿಟ್ಟುಕೊಡಿ. ಅಣ್ಣನಿಗೆ ಔಷಧಿ ಜೊತೆಗೆ ತೋಟಕ್ಕೆ ನೀರು ಬಿಡೋ ಕೆಲಸ ಸಿಕ್ಕಿತು. ಆಮೇಲೇ ಅವನು ಬೆಳಿಗ್ಗೆ ಎದ್ದು ಹೊರಗೆ ಬರೋಕೆ ಶುರು ಮಾಡಿದ್ದು.