ಸಂಪಾದಕರ ಉತ್ತರ: ಭಾಷಣದಿಂದ ಬೇಡಿ ಕಳಚಿತೇ?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ಗುಲಾಮಗಿರಿ ವಿರೋಧಿ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್ ಬಗ್ಗೆ ಬಂದ ಲೇಖನ ಓದಿ, ಸಿಟ್ಟಾಗಿ ಬರೆದಿದ್ದೀರಿ. ‘ಮೂವತ್ತು ವರ್ಷ ಪತ್ರಿಕೆ ನಡೆಸಿ, ಭಾಷಣ ಮಾಡಿ ಇವರು ಒಬ್ಬ ಗುಲಾಮನನ್ನಾದರೂ ಬಿಡಿಸಿದರೇ? ಅಮೆರಿಕದ ಗುಲಾಮಗಿರಿ ಮುಗಿದದ್ದು ಬಂದೂಕಿನಿಂದ. ಗುಲಾಮರಿಗಾಗಿ ಬಂದೂಕು ಹಿಡಿದ ಜಾನ್ ಬ್ರೌನ್‌ಗೆ ಸಲ್ಲಬೇಕಾದ ಪುಟಗಳನ್ನು ಮಾತುಗಾರರಿಗೆ ಕೊಟ್ಟಿದ್ದೀರಿ’ ಎಂದು ನಿಮ್ಮ ಆಕ್ಷೇಪ.

ಒಂದು ಮಾತು ಒಪ್ಪುತ್ತೇನೆ. ಗುಲಾಮರ ಒಡೆಯರ ಮನಸ್ಸು ಕರಗಲಿಲ್ಲ. 1860ರಲ್ಲಿ ಅಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ದಕ್ಷಿಣದ ಹತ್ತಿಯ ದುಡ್ಡೆಲ್ಲ ನಿಂತಿದ್ದು ಅವರ ದುಡಿಮೆಯ ಮೇಲೆ. ಅದನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ? ಆದರೆ ಗ್ಯಾರಿಸನ್ 1831ರಲ್ಲಿ ‘ದಿ ಲಿಬರೇಟರ್’ ಪತ್ರಿಕೆ ಶುರು ಮಾಡಿದ್ದು ಉತ್ತರದ ಬಾಸ್ಟನ್‌ನಲ್ಲಿ. ಮೊದಲ ವರ್ಷಗಳಲ್ಲಿ ಅದನ್ನು ಉಳಿಸಿದ್ದು ಅಲ್ಲಿನ ಸ್ವತಂತ್ರ ಕಪ್ಪು ಜನರ ಚಂದಾ ಹಣ. ದಕ್ಷಿಣದ ಹತ್ತಿಯಿಂದ ಗಿರಣಿ ನಡೆಸುತ್ತಾ ‘ನಮಗೂ ಗುಲಾಮಗಿರಿಗೂ ಏನು ಸಂಬಂಧ?’ ಎನ್ನುತ್ತಿದ್ದ ಉತ್ತರದವರಿಗೆ ಆ ಮಾತು ತಟ್ಟಬೇಕಿತ್ತು.

ಮಾತಿಗೆ ಬಲವಿಲ್ಲ ಎಂದು ಒಡೆಯರಿಗಂತೂ ಅನ್ನಿಸಿರಲಿಲ್ಲ. 1835ರಲ್ಲಿ ಗುಲಾಮಗಿರಿ ವಿರೋಧಿಗಳು ಅಂಚೆಯಲ್ಲಿ ಕಳಿಸಿದ ಪತ್ರಿಕೆಗಳನ್ನು ದಕ್ಷಿಣದ ಚಾರ್ಲ್ಸ್‌ಟನ್‌ನಲ್ಲಿ ಜನ ಅಂಚೆ ಕಚೇರಿಗೆ ನುಗ್ಗಿ ಎತ್ತಿಕೊಂಡು ಹೋಗಿ ಸುಟ್ಟರು. ಓಟಿನ ಹಕ್ಕೇ ಇಲ್ಲದ ಹೆಂಗಸರು ಮನೆಮನೆ ಸುತ್ತಿ ಅರ್ಜಿಗಳಿಗೆ ಸಹಿ ಹಾಕಿಸಿದರು. ಅಂಥ ಅರ್ಜಿಗಳ ಚರ್ಚೆಯೇ ಬೇಡ ಎಂದು ಸಂಸತ್ತಿನ ಕೆಳಮನೆ 1836ರಲ್ಲಿ ನಿರ್ಬಂಧ ಹಾಕಿತು. ಅದು ತೆರವಾದದ್ದು 1844ರಲ್ಲಿ. 1837ರಲ್ಲಿ ಆಲ್ಟನ್ ಊರಿನಲ್ಲಿ, ತಮ್ಮ ಅಚ್ಚಿನ ಯಂತ್ರ ಕಾಯುತ್ತಿದ್ದ ಗುಲಾಮಗಿರಿ ವಿರೋಧಿ ಸಂಪಾದಕ ಎಲೈಜಾ ಲವ್‌ಜಾಯ್ ಅವರನ್ನು ಗುಂಡಿಟ್ಟು ಕೊಂದರು. ಮಾತಿಗೆ ಹೆದರದವರು ಇಷ್ಟೆಲ್ಲ ಮಾಡುವುದಿಲ್ಲ, ಅಲ್ವಾ?

ಬಾಸ್ಟನ್ ಊರನ್ನೇ ನೋಡಿ. 1835ರಲ್ಲಿ ಅಲ್ಲಿನ ಜನ ಗ್ಯಾರಿಸನ್ ಅವರಿಗೆ ಹಗ್ಗ ಬಿಗಿದು ಬೀದಿಯಲ್ಲಿ ಎಳೆದಾಡಿದ್ದರು. ಜೀವ ಉಳಿಸಲು ಅವರನ್ನು ಜೈಲಿನಲ್ಲಿಡಬೇಕಾಯಿತು. 1854ರ ಮೇ ತಿಂಗಳಲ್ಲಿ, ವರ್ಜೀನಿಯಾದಿಂದ ಹಡಗಿನಲ್ಲಿ ತಪ್ಪಿಸಿಕೊಂಡು ಬಂದಿದ್ದ ಆಂಥನಿ ಬರ್ನ್ಸ್ ಎಂಬ ಯುವಕನನ್ನು ಅದೇ ಊರಲ್ಲಿ ಹಿಡಿದರು. ಓಡಿಬಂದವರನ್ನು ಒಡೆಯನಿಗೆ ಒಪ್ಪಿಸಲೇಬೇಕು ಎಂಬುದು 1850ರ ಕಾನೂನು. ಕಪ್ಪು ಜನರೂ ಬಿಳಿಯರೂ ಸೇರಿ ಮರದ ದಿಮ್ಮಿಯಿಂದ ಕೋರ್ಟಿನ ಬಾಗಿಲಿಗೆ ಗುದ್ದಿದರು. ಗಲಭೆಯಲ್ಲಿ ಕಾವಲುಗಾರನೊಬ್ಬ ಸತ್ತ. ಬರ್ನ್ಸ್ ಮಾತ್ರ ಬಿಡುಗಡೆಯಾಗಲಿಲ್ಲ. ಜೂನ್ 2ರಂದು ಸೈನಿಕರ ನಡುವೆ ಅವರನ್ನು ಬಂದರಿಗೆ ನಡೆಸಿದಾಗ ಸುಮಾರು 50,000 ಜನ ಬೀದಿಯಲ್ಲಿ ನಿಂತು ಧಿಕ್ಕಾರ ಕೂಗಿದರು. ಕಟ್ಟಡಗಳಿಗೆಲ್ಲ ಕಪ್ಪು ಬಟ್ಟೆ. ರಸ್ತೆಯ ಮೇಲೆ ತೂಗುಬಿಟ್ಟ ಒಂದು ಶವಪೆಟ್ಟಿಗೆ. ಅದುವರೆಗೆ ದಕ್ಷಿಣದವರ ಜೊತೆ ರಾಜಿಯ ಪರವಾಗಿದ್ದ ಬಟ್ಟೆ ಗಿರಣಿಯ ಶ್ರೀಮಂತ ಏಮಸ್ ಲಾರೆನ್ಸ್, ‘ರಾತ್ರಿ ರಾಜಿಯವರಾಗಿ ಮಲಗಿದ್ದ ನಾವು ಬೆಳಗ್ಗೆ ಏಳುವಾಗ ಗುಲಾಮಗಿರಿ ಕಂಡರೆ ಕೆರಳುವ ಹುಚ್ಚರಾಗಿದ್ದೆವು’ ಎಂಬರ್ಥದಲ್ಲಿ ಬರೆದರು. ಮರುವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಓಡಿಬಂದವರನ್ನು ಕಾಯುವ ಕಾನೂನು ಮಾಡಿತು. ಆ ರಾಜ್ಯದಿಂದ ಗುಲಾಮಗಿರಿಗೆ ವಾಪಸಾದವರಲ್ಲಿ ಬರ್ನ್ಸ್ ಅವರೇ ಕೊನೆಯವರು.

ಲಾರೆನ್ಸ್ ಅವರನ್ನು ಬದಲಿಸಿದ್ದು ಯಾರು? ಬರ್ನ್ಸ್ ಪ್ರಾಣದ ಹಂಗು ತೊರೆದು ಓಡಿಬರದಿದ್ದರೆ ಬಾಸ್ಟನ್ನಿಗರ ಕಣ್ಣೆದುರು ಒಬ್ಬ ಮನುಷ್ಯನೇ ಇರುತ್ತಿರಲಿಲ್ಲ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಆ ಮಾತು ಕಿವಿಗೆ ಬೀಳದಿದ್ದರೆ ಅವರಿಗೆ ಅಲ್ಲಿ ಕಾಣುತ್ತಿದ್ದದ್ದು ಯಾರದೋ ಕಳೆದುಹೋದ ಆಸ್ತಿ ಮಾತ್ರ.

ಫ್ರೆಡ್‌ರಿಕ್ ಡಗ್ಲಾಸ್ ಅವರ ಹೆಸರು ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಅವರನ್ನು ಯಾವ ಕಡೆ ನಿಲ್ಲಿಸುತ್ತೀರಿ? ಸ್ವತಃ ಗುಲಾಮರಾಗಿದ್ದವರು. 1843ರಲ್ಲಿ ಬಫಲೋ ಊರಿನಲ್ಲಿ ನಡೆದ ಕಪ್ಪು ಜನರ ಸಮಾವೇಶದಲ್ಲಿ ಪಾದ್ರಿ ಹೆನ್ರಿ ಹೈಲ್ಯಾಂಡ್ ಗಾರ್ನೆಟ್ ‘ಗುಲಾಮರೇ, ತಿರುಗಿ ನಿಲ್ಲಿ’ ಎಂದು ಕರೆ ಕೊಟ್ಟಾಗ ಡಗ್ಲಾಸ್ ವಿರೋಧಿಸಿದರು. ಅಲ್ಲಿ ಗಾರ್ನೆಟ್ ಸೋತದ್ದು ಒಂದೇ ಮತದಿಂದ. 1859ರಲ್ಲಿ ಬ್ರೌನ್, ವರ್ಜೀನಿಯಾದ ಹಾರ್ಪರ್ಸ್ ಫೆರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿ ಗುಲಾಮರ ದಂಗೆ ಎಬ್ಬಿಸುವ ತಮ್ಮ ಯೋಜನೆ ಹೇಳಿದಾಗ, ಆ ಊರು ಉಕ್ಕಿನ ಬೋನು, ಜೀವಂತ ಹೊರಬರಲಾರಿರಿ ಎಂದು ಎಚ್ಚರಿಸಿ ಹಿಂದೆ ಸರಿದರು. ಅದೇ ಡಗ್ಲಾಸ್, ಉತ್ತರ ದಕ್ಷಿಣಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ 1863ರಲ್ಲಿ, ಕಪ್ಪು ಯುವಕರನ್ನು ಉತ್ತರದ ಸೇನೆಗೆ ಸೇರಿಸಲು ಊರೂರು ತಿರುಗಿದರು. ತಮ್ಮ ಇಬ್ಬರು ಮಕ್ಕಳನ್ನೂ ಕಳಿಸಿದರು.

ಇನ್ನು ನಿಮ್ಮ ಬ್ರೌನ್. ನನಗೂ ಅವರ ಬಗ್ಗೆ ದೊಡ್ಡ ಗೌರವವಿದೆ. ಆದರೆ ಹಾರ್ಪರ್ಸ್ ಫೆರಿಯಲ್ಲಿ ಅವರ ಬಂದೂಕು ಎರಡು ದಿನವೂ ನಿಲ್ಲಲಿಲ್ಲ. ಉತ್ತರದ ಜನರನ್ನು ಅಲ್ಲಾಡಿಸಿದ್ದು, ಗಾಯಗೊಂಡು ಸೆರೆಯಾದ ಮೇಲೆ ಅವರು ಕೋರ್ಟಿನಲ್ಲಿ ಆಡಿದ ಮಾತು. ಡಿಸೆಂಬರ್ 2ರಂದು ನೇಣಿಗೇರುವ ತನಕ ಜೈಲಿನಿಂದ ಬರೆದ ಕಾಗದಗಳು.

ಆ ಕೋರ್ಟಿನ ಹೇಳಿಕೆಯನ್ನೂ ಗಾರ್ನೆಟ್ ಅವರ ಭಾಷಣವನ್ನೂ ಕನ್ನಡಕ್ಕೆ ಮಾಡಿಸಿ ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕುತ್ತಿದ್ದೇವೆ. ಓದಿದ ಮೇಲೆ ನಿಮ್ಮ ಸಿಟ್ಟು ಉಳಿದಿದ್ದರೆ ದಯವಿಟ್ಟು ಮತ್ತೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ.

– ಸಂಪಾದಕ