ರಾತ್ರಿ ಊಟಕ್ಕೆ ಕಡಿಮೆ ಎಣ್ಣೆಯಲ್ಲಿ, ಬೇಗ ಆಗುವ ಮಸಾಲೆ ಮೀನು ಹೇಗೆ ಮಾಡುವುದು?

ಕಾಣೆ (ಲೇಡಿ ಫಿಶ್) ಅಥವಾ ಮಾಂಜಿ (ಪಾಂಫ್ರೆಟ್) ಮೀನು ತನ್ನಿ. ಮಕ್ಕಳಿರುವ ಮನೆಯಾದರೆ ನನ್ನ ಓಟು ಕಾಣೆಗೆ, ಮುಳ್ಳು ಬಿಡಿಸುವುದು ಸುಲಭ. ನಾಲ್ಕು ಜನಕ್ಕೆ ಕ್ಲೀನ್ ಮಾಡಿಸಿದ ಮುಕ್ಕಾಲು ಕಿಲೋ ಸಾಕು.

ತೊಳೆದ ಮೇಲೆ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಇದನ್ನು ಬಿಟ್ಟರೆ ಮಸಾಲೆಯೆಲ್ಲ ಕಾವಲಿಗೆ ಅಂಟಿ, ಮೀನು ಬೋಳಾಗಿ ಎದ್ದು ಬರುತ್ತದೆ. ಎರಡೂ ಬದಿಗೆ ಓರೆಯಾಗಿ ಗೀರು ಹಾಕಿ. ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಅರಿಶಿನ, ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಚೂರು ಕಾಳುಮೆಣಸಿನ ಪುಡಿ, ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ನೀರು ಬೇಡ. ಗಟ್ಟಿಯಾಗಿ ಕಲಸಿ ಗೀರಿನೊಳಗೂ ಸವರಿ.

ನೆನೆಯಲು 15-20 ನಿಮಿಷ ಸಾಕು. ಬೆಳಿಗ್ಗೆಯೇ ಹಚ್ಚಿ ಫ್ರಿಜ್ಜಿನಲ್ಲಿಟ್ಟರೆ ರುಚಿ ಹೆಚ್ಚು ಅಂತ ಕೆಲವರು ಹೇಳುತ್ತಾರೆ. ಕೋಳಿಗೆ ಸರಿ, ಇಂಥ ಮೆತ್ತಗಿನ ಮೀನಿಗೆ ಅಲ್ಲ. ನಿಂಬೆಯ ಹುಳಿಗೆ ಮಾಂಸ ಬೇಯದೆಯೇ ಬಿಳುಚಿ ಗಟ್ಟಿಯಾಗುತ್ತದೆ, ಆಮೇಲೆ ಕಾಯಿಸಿದರೆ ಒಣಒಣ. ಮೀನು ನೆನೆಯುವ ಆ 15-20 ನಿಮಿಷದಲ್ಲಿ ಕುಕ್ಕರಿಗೆ ಅನ್ನ ಇಟ್ಟು, ಬೀನ್ಸ್ ಪಲ್ಯ ಮುಗಿಸಬಹುದು.

ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಎರಡು ಚಮಚ ತೆಂಗಿನೆಣ್ಣೆ, ಮೇಲೆ ಒಂದೆಸಳು ಕರಿಬೇವು. ಮಧ್ಯಮ ಉರಿಯಲ್ಲಿ ಪ್ರತಿ ಬದಿ ನಾಲ್ಕು ನಿಮಿಷ. ತಾನಾಗಿ ಬಿಡುವವರೆಗೆ ಸಟ್ಟುಗ ಹಾಕಬೇಡಿ. ದಪ್ಪ ಭಾಗ ಚಮಚಕ್ಕೆ ಎಸಳೆಸಳಾಗಿ ಬಿಟ್ಟುಕೊಂಡರೆ ಬೆಂದಿದೆ. ರವೆ ಹೊರಳಿಸಿದರೆ ಗರಿಗರಿ ನಿಜ, ಆದರೆ ಎಣ್ಣೆ ಕುಡಿಯುವುದೂ ಅದೇ, ಭಾನುವಾರಕ್ಕೆ ಇಟ್ಟುಕೊಳ್ಳಿ.