ರಾತ್ರಿ 11ರ ಹಸಿವು ಶುರುವಾಗುವುದು ಬೆಳಿಗ್ಗೆ

ಪ್ರಶ್ನೆ: ನನಗೆ 34 ವರ್ಷ, ದಾವಣಗೆರೆಯವಳು. ಇಬ್ಬರು ಮಕ್ಕಳು, ಬ್ಯಾಂಕಿನಲ್ಲಿ ಕೆಲಸ. ತೂಕ ಇಳಿಸಬೇಕೆಂದು ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದರೆ ಕೈ ನಿಲ್ಲುವುದಿಲ್ಲ. ಮಂಡಕ್ಕಿ, ಉಳಿದ ಚಿತ್ರಾನ್ನ, ಮಕ್ಕಳ ಬಿಸ್ಕತ್ತು, ಹೊಟ್ಟೆ ನೋಯುವ ತನಕ ತಿನ್ನುತ್ತೇನೆ. ಖಾಲಿ ಕವರುಗಳನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ಹಾಕುತ್ತೇನೆ. ಆಮೇಲೆ ಅಳು. ಆರು ತಿಂಗಳಿಂದ ವಾರಕ್ಕೆ ಎರಡು ಮೂರು ಸಲ ಹೀಗೆ. ನನಗೆ ನಾಲಿಗೆಯ ಮೇಲೆ ಹಿಡಿತವೇ ಇಲ್ಲವಾ?

ಉತ್ತರ: ಆ ಕವರು ಸುತ್ತಿಡುವ ಮಾತು ಓದಿ ತುಂಬಾ ಸಂಕಟವಾಯಿತು. ಇಷ್ಟು ದಿನ ಇದನ್ನು ಒಬ್ಬರೇ ಹೊತ್ತಿದ್ದೀರಿ, ಅಲ್ವಾ?

ಇದು ನಾಲಿಗೆ ಚಪಲ ಅಲ್ಲ. ಚಪಲಕ್ಕೆ ತಿನ್ನುವವರಿಗೆ ರುಚಿ ಬೇಕು. ಆ ಕೊನೆಯ ಬಿಸ್ಕತ್ತಿನ ರುಚಿ ನಿಮಗೆ ನೆನಪಿದೆಯಾ? ಬಹುಶಃ ಇರಲಿಕ್ಕಿಲ್ಲ.

1945ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಮಂದಿ ಗಟ್ಟಿಮುಟ್ಟಾದ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಿಗೆ ಹಗಲೂ ರಾತ್ರಿ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕ ಹಿಡಿದು ಕೂತರು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ತಿಂದರೂ ಸಾಕೆನಿಸಲಿಲ್ಲ. ನಿಮ್ಮ ಸೌತೆಕಾಯಿ, ಮಜ್ಜಿಗೆಯ ದಿನವೂ ಅಂಥದ್ದೇ. ಹಗಲೆಲ್ಲ ಕೊಡದೆ ಉಳಿಸಿಕೊಂಡಿದ್ದನ್ನು ದೇಹ ರಾತ್ರಿ ವಸೂಲಿ ಮಾಡುತ್ತಿದೆ. ಅದರ ಮೇಲೆ ದಣಿವು, ಬೇಸರ. ಇಡೀ ದಿನದಲ್ಲಿ ನಿಮ್ಮದು ಅಂತ ಇರುವ ಹೊತ್ತು ಅದೊಂದೇ ಇರಬಹುದು. ಹಸಿವಿಲ್ಲದಿದ್ದರೂ ಕೈ ಡಬ್ಬಿಗೆ ಹೋಗಲು ಅಷ್ಟು ಸಾಕು.

ಹೀಗೆ ಹಿಡಿತ ತಪ್ಪಿ ಹೊಟ್ಟೆ ನೋಯುವ ತನಕ ತಿನ್ನುವುದಕ್ಕೆ ಬಿಂಜ್ ಈಟಿಂಗ್ ಎನ್ನುತ್ತಾರೆ. ಮೂರು ತಿಂಗಳು, ವಾರಕ್ಕೊಮ್ಮೆಯಾದರೂ ಹೀಗಾಗುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆ ಎಂದೇ ನೋಡುತ್ತಾರೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗವಿದೆ. ಬರೀ ಪತ್ರ ನೋಡಿ ನಿಮಗೆ ಆ ಕಾಯಿಲೆಯೇ ಇದೆ ಅಂತ ನಾನು ಹೇಳುವುದು ಸರಿಯಲ್ಲ. ಆದರೆ ನೀವು ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಖಂಡಿತ ನೋಡಬೇಕು. ಮಾತಿನ ಚಿಕಿತ್ಸೆಯಿಂದ ಇದು ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಮೊದಲು ಫೋನಿನಲ್ಲೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡಿ, ಸೀದಾ ವೈದ್ಯರ ಹತ್ತಿರ ಹೋಗಿ.

ಅಲ್ಲಿಯವರೆಗೆ ತೂಕದ ಯೋಚನೆ ಬದಿಗಿಡಿ. ಮೂರು ಹೊತ್ತೂ ಅನ್ನವೋ ರೊಟ್ಟಿಯೋ ಸೇರಿದ ಊಟ ಮಾಡಿ. ಸಂಜೆ ಐದಕ್ಕೆ ಏನಾದರೂ ತಿಂಡಿ ತಿನ್ನಿ, ಅದೇ ಮಂಡಕ್ಕಿಯಾದರೂ ಸರಿ, ಎಲ್ಲರ ಎದುರು ಕೂತು ತಿನ್ನಿ. ಯಜಮಾನರಿಗೆ ವಿಷಯ ಹೇಳಿ. ಡಬ್ಬಿ ಬಚ್ಚಿಡುವುದು, ತುತ್ತು ಎಣಿಸುವುದು ಬೇಡ ಅಂತಲೂ ಹೇಳಿ. ಅದರಿಂದ ಕದ್ದು ತಿನ್ನುವುದು ಜಾಸ್ತಿಯಾಗುತ್ತದೆ.

ನಡುವೆ ಒಂದು ರಾತ್ರಿ ಮತ್ತೆ ಹಾಗಾದೀತು. ಮರುದಿನ ಉಪವಾಸ ಕೂರಬೇಡಿ, ಎಂದಿನಂತೆ ತಿಂಡಿ ತಿಂದೇ ಬ್ಯಾಂಕಿಗೆ ಹೊರಡಿ. ನಾಳೆ ಕಾಫಿಯ ಜೊತೆ ಏನು ತಿಂದಿರಿ ಅಂತ ನನಗೆ ಬರೆಯುತ್ತೀರಲ್ಲ?